ಪರಿಸರ ವಿದ್ಯೆ: ಉದ್ಯೋಗವೂ ಸೇವೆಯೂ



ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ಶಾಲೆಯ ಉಪಾಧ್ಯಾಯರಿಗೆ ಬಿಡುವು ಇರುವುದಿಲ್ಲ. ಹುಡುಗನನ್ನು ಯಾವ ಓದಿಗೆ ಹಾಕಬೇಕು, ಹುಡುಗಿಗೆ ಯಾವುದು ಹಿಡಿಸೀತು ಎಂದು ವಿಚಾರಿಸಲು ತಂದೆತಾಯಿಗಳು ಬರುತ್ತಲೇ ಇರುತ್ತಾರೆ. ಈಚೆಗೆ ಅವರ ಪ್ರಶ್ನೆಗಳಲ್ಲಿ ಹೊಸದೊಂದು ಸೇರಿಕೊಂಡಿದೆ: “ಮಗಳು ಪರಿಸರ ವಿಜ್ಞಾನ ಓದುತ್ತೇನೆ ಎನ್ನುತ್ತಾಳೆ, ಮೇಷ್ಟ್ರೇ. ಗಿಡ ನೆಡುವುದು ಪುಣ್ಯದ ಕೆಲಸವೇ ಸರಿ. ಆದರೆ ಅದರಿಂದ ಹೊಟ್ಟೆ ತುಂಬೀತೆ?” ಇದು ಹಗುರವಾಗಿ ಕಾಣತಕ್ಕ ಪ್ರಶ್ನೆಯಲ್ಲ. ಇದಕ್ಕೆ ನನಗೆ ತೋರಿದ ಉತ್ತರವನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಮೊದಲು ಹೆಸರಿನ ವಿಚಾರ. ‘ಇಕಾಲಜಿ’ ಎಂಬ ಮಾತನ್ನು 1866ರಲ್ಲಿ ಟಂಕಿಸಿದವನು ಎರ್ನ್‌ಸ್ಟ್ ಹೆಕೆಲ್ ಎಂಬ ಜರ್ಮನ್ ವಿಜ್ಞಾನಿ. ಅದರ ಮೂಲ ಗ್ರೀಕ್ ಭಾಷೆಯ ‘ಒಯ್ಕೋಸ್’, ಎಂದರೆ ಮನೆ. ಅರ್ಥಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ‘ಇಕನಾಮಿಕ್ಸ್’ ಎನ್ನುತ್ತಾರಷ್ಟೆ. ಆ ಮಾತೂ ಅದೇ ಮೂಲದಿಂದ ಹೊರಟದ್ದು. ಒಂದು ಮನೆಯನ್ನು ಅರಿಯುವ ವಿದ್ಯೆ, ಇನ್ನೊಂದು ಮನೆಯನ್ನು ನಡೆಸುವ ವಿದ್ಯೆ. ಇನ್ನು ನಮ್ಮ ‘ನೀತಿ’ ಶಬ್ದವು ‘ಒಯ್ಯು’ ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದಿದೆ. ಮನೆಯ ಸ್ಥಿತಿಯನ್ನು ಅರಿತು ಅದನ್ನು ಮುಂದಕ್ಕೆ ಒಯ್ಯುವ ಕ್ರಮವೇ ಪರಿಸರ ನೀತಿ. ಆದುದರಿಂದ ಇಲ್ಲಿ ಎರಡು ಬಗೆಯ ಜನ ಬೇಕು: ಕಂಡದ್ದನ್ನು ಲೆಕ್ಕವಿಟ್ಟು ಬರೆಯುವವರು, ಮತ್ತು ಆ ಲೆಕ್ಕವನ್ನು ಕಾನೂನಿಗೂ ಆಡಳಿತಕ್ಕೂ ಮುಟ್ಟಿಸುವವರು.

ಕೆರೆಯ ನೀರು ಕೆಟ್ಟಿದೆಯೆಂದು ಊರಿಗೆ ಊರೇ ಹೇಳಿದರೂ ಕಾನೂನಿಗೆ ಅಷ್ಟು ಸಾಲದು. ನೀರನ್ನು ಕ್ರಮವರಿತು ಸಂಗ್ರಹಿಸಬೇಕು, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು, ಅಂಕಿಗಳೊಡನೆ ವರದಿ ಬರೆಯಬೇಕು. 1974ರ ಜಲಮಾಲಿನ್ಯ ಕಾಯಿದೆ ಬಂದಂದಿನಿಂದ ಈ ಕೆಲಸಕ್ಕಾಗಿಯೇ ಕೇಂದ್ರದಲ್ಲಿಯೂ ರಾಜ್ಯಗಳಲ್ಲಿಯೂ ಮಾಲಿನ್ಯ ನಿಯಂತ್ರಣ ಮಂಡಳಿಗಳಿವೆ. ಪರಿಸರ ಇಂಜಿನಿಯರಿಂಗ್ ಓದಿದವರಿಗೂ ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೂ ಅಲ್ಲಿ ಹುದ್ದೆಗಳುಂಟು. ದೊಡ್ಡ ಕಾರ್ಖಾನೆಗಳೂ ತಮ್ಮ ಕೊಳಚೆ ನೀರಿನ ಶುದ್ಧೀಕರಣಕ್ಕೆ ಇಂಥವರನ್ನೇ ಇಟ್ಟುಕೊಳ್ಳುತ್ತವೆ.

ಅರಣ್ಯದ ಕಡೆಗೆ ಮನಸ್ಸಿರುವವರಿಗೆ 1966ರಲ್ಲಿ ರೂಪುಗೊಂಡ ಭಾರತೀಯ ಅರಣ್ಯ ಸೇವೆ ಇದೆ. ಕೇಂದ್ರ ಲೋಕಸೇವಾ ಆಯೋಗವು ಅದರ ಪರೀಕ್ಷೆಯನ್ನು ನಡೆಸುತ್ತದೆ; ಆಯ್ಕೆಯಾದವರಿಗೆ ಡೆಹರಾಡೂನಿನಲ್ಲಿ ತರಬೇತಿ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳಷ್ಟೇ ಅಲ್ಲ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಕೃಷಿ, ಇಂಜಿನಿಯರಿಂಗ್ ಓದಿದವರೂ ಅದಕ್ಕೆ ಅರ್ಹರು. ಶಿರಸಿ ಮತ್ತು ಪೊನ್ನಂಪೇಟೆಗಳಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಸಂಶೋಧನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಆರಂಭವಾದ ಪರಿಸರ ವಿಜ್ಞಾನ ಕೇಂದ್ರ ಇದೆ. 1996ರಲ್ಲಿ ಬೆಂಗಳೂರಿನಲ್ಲಿ ‘ಏಟ್ರೀ’ ಎಂದು ಕರೆಯುವ ಸಂಸ್ಥೆಯೂ ಮೈಸೂರಿನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನೂ ಹುಟ್ಟಿದವು. ಇವು ಸರ್ಕಾರದ ಹೊರಗಿದ್ದು ಅಧ್ಯಯನ ನಡೆಸುವ ಸಂಸ್ಥೆಗಳು.

ಇಷ್ಟು ಹೇಳಿ ಕೈತೊಳೆದುಕೊಂಡರೆ ತಂದೆತಾಯಿಗಳಿಗೆ ನ್ಯಾಯವಾಗದು. ಖಾಯಂ ಹುದ್ದೆಗಳು ಮಿತವಾಗಿವೆ, ಸ್ಪರ್ಧೆ ಬಹಳ. ಸಂಶೋಧನಾ ಸಂಸ್ಥೆಗಳ ಕೆಲಸವು ಹಲವು ವೇಳೆ ಒಂದು ಯೋಜನೆಯ ಅವಧಿಗೆ ಸೀಮಿತವಾಗಿರುತ್ತದೆ; ಯೋಜನೆಯ ಹಣ ಮುಗಿದರೆ ಕೆಲಸವೂ ಮುಗಿಯಿತು. ಆದುದರಿಂದ ನಾನು ಮಕ್ಕಳಿಗೆ ಹೇಳುವುದಿಷ್ಟು: ರಸಾಯನಶಾಸ್ತ್ರವಾಗಲಿ, ಸಂಖ್ಯಾಶಾಸ್ತ್ರವಾಗಲಿ, ಕಾನೂನಾಗಲಿ, ಅರ್ಥಶಾಸ್ತ್ರವಾಗಲಿ, ಒಂದು ವಿದ್ಯೆಯಲ್ಲಿ ಗಟ್ಟಿಯಾಗಿ ಕಾಲೂರಿ ನಿಂತು, ಅಲ್ಲಿಂದ ಪರಿಸರದ ಕಡೆಗೆ ತಿರುಗಿ. ಪರಿಸರದ ಕೆಲಸ ಸಿಕ್ಕದ ಕಾಲದಲ್ಲಿಯೂ ಆ ವಿದ್ಯೆ ಅನ್ನ ಕೊಡುತ್ತದೆ. ಸಿಕ್ಕಿದ ಕಾಲದಲ್ಲಿ ನಿಮ್ಮ ಮಾತಿಗೆ ತೂಕ ಕೊಡುತ್ತದೆ.

ಈ ಪಟ್ಟಿಗೆ ನನ್ನ ಸ್ವಂತ ವಿದ್ಯೆಯಾದ ಕನ್ನಡವನ್ನೂ ಸೇರಿಸುತ್ತೇನೆ. ಇದು ಅಭಿಮಾನದ ಮಾತಲ್ಲ, ಕಾನೂನಿನಲ್ಲಿಯೇ ಇದಕ್ಕೆ ಆಧಾರವಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಗಣಿ, ಅಣೆಕಟ್ಟು, ದೊಡ್ಡ ಕಾರ್ಖಾನೆ ಮೊದಲಾದ ಅನೇಕ ಯೋಜನೆಗಳಿಗೆ ಅನುಮತಿ ಕೊಡುವ ಮುನ್ನ ಸಾರ್ವಜನಿಕರ ಅಹವಾಲನ್ನು ಕೇಳಬೇಕು. ಜನರಿಗೆ ಕನಿಷ್ಠ 30 ದಿನಗಳ ಅವಕಾಶವಿರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಸಭೆಗೆ ಬಂದ ಪ್ರತಿಯೊಬ್ಬರಿಗೂ ಪ್ರಶ್ನೆ ಕೇಳುವ ಅವಕಾಶವುಂಟು. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಆದರೆ ಸಾರಾಂಶದಲ್ಲಿ ‘ಜೈವಿಕ ಆಮ್ಲಜನಕ ಬೇಡಿಕೆ’ ಎಂದು ಬರೆದುಬಿಟ್ಟರೆ ಹೊಳೆಯ ದಂಡೆಯ ರೈತನಿಗೆ ಏನು ತಿಳಿದೀತು? ನೀರಿನೊಳಗಿನ ಕೊಳಕನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬುದರ ಅಳತೆ ಅದು. ಅಳತೆ ಏರಿದಷ್ಟೂ ಮೀನಿಗೆ ಉಸಿರು ಕಡಮೆಯಾಗುತ್ತದೆ ಎಂದು ಬಿಡಿಸಿ ಹೇಳುವವರು ಬೇಕು. ವಿಜ್ಞಾನವನ್ನೂ ಬಲ್ಲ, ತಿಳಿಗನ್ನಡವನ್ನೂ ಬಲ್ಲ ತರುಣ ತರುಣಿಯರ ಕೊರತೆ ಈ ಕ್ಷೇತ್ರದಲ್ಲಿ ಎದ್ದು ಕಾಣುತ್ತದೆ.

ಇನ್ನು ಸಂಬಳವಿಲ್ಲದ ಸೇವೆಯ ಮಾತು. ಹವ್ಯಾಸಿಗಳು ಹಕ್ಕಿ ನೋಡಿ ಬರೆದಿಟ್ಟದ್ದು ಯಾವ ಉಪಯೋಗಕ್ಕೆ ಎಂದು ಕೆಲವರು ನಗಬಹುದು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು 942 ಜಾತಿಗಳನ್ನು ಪರಿಶೀಲಿಸಿದೆ. ಅದಕ್ಕೆ ಆಧಾರವಾದವು ಸುಮಾರು 30,000 ಮಂದಿ ವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳು. ಅವರಲ್ಲಿ ಬಹುಮಂದಿ ನಮ್ಮ ನಿಮ್ಮಂತೆ ಬೇರೆ ಬೇರೆ ವೃತ್ತಿಯವರು. 178 ಜಾತಿಗಳ ರಕ್ಷಣೆಗೆ ಹೆಚ್ಚಿನ ಆದ್ಯತೆ ಬೇಕೆಂದು ವರದಿ ಹೇಳಿತು. ಪ್ರತಿ ಫೆಬ್ರುವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಗೆ ಹದಿನೈದು ನಿಮಿಷ ಕೊಟ್ಟರೂ ಸಾಕು. ಬೀದಿಯ ಹೊಂಗೆ ಎಂದು ಚಿಗುರಿತು, ಮಾವು ಎಂದು ಹೂಬಿಟ್ಟಿತು ಎಂದು ವಾರವಾರವೂ ಬರೆದಿಡುವ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳೂ ಸೇರಬಹುದು. ಮನೆಯಲ್ಲಿರುವ ತಾಯಂದಿರಿಗೂ ನಿವೃತ್ತರಿಗೂ ಇದು ಸುಲಭಸಾಧ್ಯ.

2002ರ ಜೀವವೈವಿಧ್ಯ ಕಾಯಿದೆ ಇನ್ನೊಂದು ಬಾಗಿಲನ್ನು ತೆರೆದಿದೆ. ಗ್ರಾಮ ಪಂಚಾಯಿತಿಯಿಂದ ಹಿಡಿದು ಪುರಸಭೆಯವರೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡಮೂಲಿಕೆ, ಬೆಳೆಯ ತಳಿ, ಮೀನು, ಹಕ್ಕಿಗಳ ದಾಖಲೆಯನ್ನು ಜನರಿಂದಲೇ ಕೇಳಿ ಬರೆಯಿಸಬೇಕು. ವಿಜ್ಞಾನದಲ್ಲಿ ಹೇಗೋ ಉತ್ತೀರ್ಣನಾಗುವ ಬೆಸ್ತರ ಹುಡುಗನೊಬ್ಬ ಹೊಳೆಯ ಮೀನುಗಳ ಹೆಸರನ್ನು ಉಸಿರು ಕಟ್ಟದೆ ಹೇಳುವುದನ್ನು ನಾನು ತರಗತಿಯಲ್ಲಿ ಕೇಳಿದ್ದೇನೆ. ಆ ದಾಖಲೆಗೆ ಅಂಥವನ ಅರಿವು ಬೇಕು. ಅದನ್ನು ಕುಳಿತು ಕೇಳಿ ಬರೆದುಕೊಳ್ಳುವ ಅಕ್ಷರಸ್ಥರೂ ಬೇಕು.

ಇಂಥ ಸೇವೆಯಿಂದ ನೀತಿ ಬದಲಾದದ್ದುಂಟೆ ಎಂದು ಕೇಳುವಿರಾದರೆ ಉತ್ತರ ಕನ್ನಡದ ಬೇಡ್ತಿಯನ್ನು ನೋಡಬೇಕು. ಅಲ್ಲಿ ಜಲವಿದ್ಯುತ್ ಯೋಜನೆಯಿಂದ ತೋಟಗಳೂ ಕಾಡೂ ಮುಳುಗುವ ಪ್ರಸಂಗ ಬಂದಾಗ ಅಡಿಕೆ ಬೆಳೆಗಾರರು ಬರಿಯ ಕೂಗಿಗೆ ನಿಲ್ಲಲಿಲ್ಲ. 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆದು, ಯೋಜನೆಯ ಲಾಭ ಎಷ್ಟು, ನಷ್ಟ ಎಷ್ಟು ಎಂಬುದನ್ನು ವಿಜ್ಞಾನಿಗಳೂ ರೈತರೂ ಕೂಡಿ ಪರಿಶೀಲಿಸಿದರು. ಆ ಯೋಜನೆ ಆಗ ನಿಂತಿತು. ಅಂಕಿ ಹಿಡಿದು ಮಾತಾಡುವ ರೈತನ ಬಲ ಅಂಥದು.

ಕೊನೆಯಲ್ಲಿ ಒಂದು ಎಚ್ಚರಿಕೆ. ಸೇವೆಯೆಂಬ ಹೆಸರಿನಲ್ಲಿ ವರ್ಷಗಟ್ಟಲೆ ಪೂರ್ಣಾವಧಿಯ ದುಡಿಮೆಯನ್ನು ಪುಕ್ಕಟೆಯಾಗಿ ಕೇಳುವವರೂ ಇದ್ದಾರೆ. ಭಾನುವಾರದ ಎರಡು ಗಂಟೆ ಕೊಡುವುದು ಸೇವೆ. ದಿನದ ಎಂಟು ಗಂಟೆ ಕೊಡುವುದು ಕೆಲಸ, ಅದಕ್ಕೆ ಕೂಲಿ ಸಲ್ಲಬೇಕು. ಇಲ್ಲವಾದರೆ ಉಳ್ಳವರ ಮಕ್ಕಳಿಗೆ ಮಾತ್ರ ಈ ಕ್ಷೇತ್ರ ದಕ್ಕೀತು, ಹೊಳೆಯನ್ನು ಬಲ್ಲ ಹುಡುಗ ಹೊರಗೇ ಉಳಿದಾನು. ಸೇರುವ ಮುನ್ನ ಅವಧಿ ಎಷ್ಟು, ವೇತನ ಎಷ್ಟು, ಕಲಿಯುವುದೇನು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಈ ಓದಿನ ಆಸೆಯುಳ್ಳ ಮಕ್ಕಳು ಕಾಲೇಜು ಸೇರುವವರೆಗೆ ಕಾಯಬೇಕಾಗಿಯೂ ಇಲ್ಲ. ಒಂದು ನೋಟ್ ಪುಸ್ತಕ ತೆಗೆದುಕೊಂಡು, ಮನೆಗೆ ಹತ್ತಿರದ ಒಂದು ಕೆರೆಯನ್ನೋ ಮರವನ್ನೋ ವರ್ಷವಿಡೀ, ತಾರೀಖು ಸಹಿತ, ಗಮನಿಸಿ ಬರೆಯಲಿ. ಬೇಸರವಿಲ್ಲದೆ ಪುಸ್ತಕ ತುಂಬಿತೆಂದರೆ ಆ ಮಗುವಿಗೆ ಈ ವಿದ್ಯೆ ಒಗ್ಗುತ್ತದೆಂದು ಧೈರ್ಯವಾಗಿ ಹೇಳಬಹುದು.