ಮಗು ಹೇಳುವುದನ್ನು ಕೇಳುವವರು ಯಾರು?

(ಸುವರ್ಣ ಮಹೋತ್ಸವದ ಎರಡನೆಯ ದಿನ ಪ್ರೌಢಶಾಲೆ ಹಾಗೂ ಸುತ್ತಲಿನ ಪ್ರಾಥಮಿಕ ಶಾಲೆಗಳ ಶಿಕ್ಷಕರು ಮತ್ತು ಪೋಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಎಂಟರಿಂದ ಹತ್ತನೇ ತರಗತಿವರೆಗೆ ನಾನು ಓದಿದ್ದು ಇಲ್ಲೇ. ಆಮೇಲೆ ಪಿಯುಸಿ, ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸಂಘಟಕರು ನನಗೆ ಫೋನ್ ಮಾಡಿದಾಗ, 'ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ' ಅಂದರು. 'ಮಕ್ಕಳಿಗಲ್ಲ, ದೊಡ್ಡವರಿಗೆ ನಾಲ್ಕು ಮಾತು ಹೇಳಬೇಕಾಗಿದೆ, ಅವಕಾಶ ಕೊಡಿ' ಅಂತ ಕೇಳಿಕೊಂಡೆ. ಅವರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ನಾನು ಈ ವಿಷಯದ ತಜ್ಞನಲ್ಲ. ಆರು ವರ್ಷದ ಮಗಳ ಅಪ್ಪ ಅಷ್ಟೆ. ತಪ್ಪಿದ್ದರೆ ತಿದ್ದಿ.

ವಿಷಯಕ್ಕೆ ಬರುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಪಕ್ಕದ ಪ್ರಾಥಮಿಕ ಶಾಲೆಗೂ ಏನಾದರೂ ಕೊಡಬೇಕು ಅಂತ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕಳೆದ ವರ್ಷ ಮಾತು ಬಂತು. ಸಿಸಿಟಿವಿ ಹಾಕಿಸೋಣ ಅಂತ ಮೊದಲು ಹೇಳಿದವನು ನಾನೇ. ಎಂಟು ಕ್ಯಾಮೆರಾ, ಒಂದು ರೆಕಾರ್ಡರ್, ಎಲ್ಲವನ್ನೂ ಮೊಬೈಲಿನಲ್ಲೇ ನೋಡಬಹುದು. ಮಕ್ಕಳ ಸುರಕ್ಷತೆಗೆ ಇದಕ್ಕಿಂತ ಇನ್ನೇನು ಬೇಕು ಅನ್ನುವುದು ನನ್ನ ವಾದ. ಹಣವೂ ಸೇರಿತು. ಎಲ್ಲೆಲ್ಲಿ ಕ್ಯಾಮೆರಾ ಬರಬೇಕು ಅಂತ ನೋಡಲು ಒಂದು ಶನಿವಾರ ಬೆಳಿಗ್ಗೆ ಆ ಶಾಲೆಗೆ ಹೋದೆ.

ಮುಖ್ಯ ಶಿಕ್ಷಕಿ ಮೇಡಂ ನನ್ನ ನಕ್ಷೆಯನ್ನು ತಾಳ್ಮೆಯಿಂದ ನೋಡಿದರು. ಆಮೇಲೆ ಹೇಳಿದರು: 'ಕ್ಯಾಮೆರಾ ಹಾಕಿಸ್ತೀರಾ ಸಾರ್, ಸಂತೋಷ. ಅದಕ್ಕೆ ಮುಂಚೆ ಹೆಣ್ಣುಮಕ್ಕಳ ಟಾಯ್ಲೆಟ್ ಬಾಗಿಲಿಗೆ ಒಂದು ಚಿಲಕ ಹಾಕಿಸಿಕೊಡ್ತೀರಾ?'

ಹೋಗಿ ನೋಡಿದೆ. ಬಾಗಿಲಿನ ಕೆಳಭಾಗ ನೀರು ಕುಡಿದು ಕೊಳೆತಿತ್ತು, ಚಿಲಕ ಕಿತ್ತುಹೋಗಿತ್ತು. ಹುಡುಗಿಯರು ಇಬ್ಬಿಬ್ಬರಾಗಿ ಹೋಗುತ್ತಾರೆ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಜೊತೆಗೆ ಬರುವ ಗೆಳತಿ ಇಲ್ಲದ ಹುಡುಗಿ ಹೋಗುವುದೇ ಇಲ್ಲ. ಅದಕ್ಕೇ ನೀರು ಕುಡಿಯುವುದಿಲ್ಲ. ಕ್ಷೀರಭಾಗ್ಯದ ಹಾಲನ್ನೂ 'ಬೇಡ ಮಿಸ್' ಅನ್ನುತ್ತಾರೆ. 'ಹಾಲು ಸೇರಲ್ಲ ಅಂತ ನಾವೂ ತುಂಬ ದಿನ ಅಂದ್ಕೊಂಡಿದ್ವಿ. ಒಂದು ದಿನ ಕೂರಿಸ್ಕೊಂಡು ಕೇಳಿದಾಗ ಗೊತ್ತಾಯ್ತು' ಅಂದರು ಮೇಡಂ.

ನನ್ನ ಎಂಟು ಕ್ಯಾಮೆರಾಗಳಲ್ಲಿ ಒಂದಕ್ಕೂ ಇದು ಕಾಣಿಸುತ್ತಿರಲಿಲ್ಲ. ಮಗು ಹಾಲು ಬೇಡ ಅಂದಿದ್ದು ಕಾಣಿಸುತ್ತಿತ್ತೇನೋ. ಯಾಕೆ ಬೇಡ ಅಂತ ಕೇಳಲು ಒಬ್ಬ ಮನುಷ್ಯ ಬೇಕಾಗಿತ್ತು.

ಆವತ್ತು ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸ್ ಹೋಗುವಾಗ ನನಗೆ ಒಬ್ಬ ಹುಡುಗ ನೆನಪಾದ. ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು. ಅಪ್ಪನ ಕೆಲಸದ ಕಾರಣ ಎರಡು ವರ್ಷ ನಾವು ಬೇರೆ ಊರಿನಲ್ಲಿದ್ದೆವು. ಆ ಊರಿನ ಹೆಸರು, ಶಾಲೆಯ ಹೆಸರು ಬೇಡ. ನಾಲ್ಕನೇ ತರಗತಿಯಲ್ಲಿ ಅವನು ನನ್ನ ಪಕ್ಕ ಕೂರುತ್ತಿದ್ದ. ಸಂಜೆ ಬೆಲ್ಲು ಹೊಡೆದ ಮೇಲೆ ನಾವೆಲ್ಲ ಓಡಿದರೆ ಅವನು ಮಾತ್ರ ಓಡುತ್ತಿರಲಿಲ್ಲ. ಕೊಠಡಿ ಗುಡಿಸುತ್ತಿದ್ದ, ಗಿಡಗಳಿಗೆ ನೀರು ಹಾಕುತ್ತಿದ್ದ, ಮೆಟ್ಟಿಲ ಮೇಲೆ ಕೂತು ಕತ್ತಲಾಗುವವರೆಗೂ ಬರೆಯುತ್ತಿದ್ದ. ಮೇಷ್ಟ್ರು ನಮಗೆಲ್ಲ ಅವನನ್ನೇ ತೋರಿಸಿ, 'ಇವನನ್ನ ನೋಡಿ ಕಲೀರಿ, ಶಾಲೆ ಅಂದರೆ ಎಷ್ಟು ಪ್ರೀತಿ' ಅನ್ನುತ್ತಿದ್ದರು. ಆಗಸ್ಟ್ ಹದಿನೈದಕ್ಕೆ ಅವನಿಗೆ ಬಹುಮಾನವೂ ಬಂತು.

ಗೇಟಿನ ಹತ್ತಿರ ಎಲಚಿಹಣ್ಣು, ನೆಲ್ಲಿಕಾಯಿ ಮಾರುತ್ತಿದ್ದ ಒಬ್ಬ ಅಜ್ಜಿ ಇತ್ತು. ಅದು ಮಾತ್ರ ದಿನಾ ಅವನನ್ನು ಕೇಳುತ್ತಿತ್ತು: 'ಯಾಕ್ಲಾ ಮಗ, ಮನೆಗ್ ಹೋಗಾಕಿಲ್ವಾ?'

ಒಂದು ದಿನ ಅವನು ನನಗೆ ಹೇಳಿದ, 'ನಮ್ಮನೇಲಿ ಮಾವ ಇದಾನೆ. ನಂಗೆ ಅವನ ಹತ್ರ ಮಲಗಕ್ಕೆ ಭಯ.' ನಾನು ನಕ್ಕೆ. 'ಅವನೇನು ದೆವ್ವಾನಾ?' ಅಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ರಾತ್ರಿ ಅಮ್ಮನ ಹತ್ತಿರ ಹೇಳಿದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, 'ಬೇರೆಯವರ ಮನೆ ವಿಚಾರ ನಮಗ್ಯಾಕೆ, ಓದ್ಕೋ ಹೋಗು' ಅಂದರು. ದಸರಾ ರಜೆ ಮುಗಿಸಿ ಬಂದಾಗ ಅವನಿರಲಿಲ್ಲ. ಕೆಲವು ದಿನ ಹಾಜರಿ ಕೂಗುವಾಗ ಅವನ ಹೆಸರು ಬಂತು. ಆಮೇಲೆ ಅದೂ ನಿಂತಿತು.

ನಮ್ಮ ಅಮ್ಮನನ್ನು ನಾನು ದೂರುವುದಿಲ್ಲ, ಆ ಮೇಷ್ಟ್ರನ್ನೂ ದೂರುವುದಿಲ್ಲ. ಅವತ್ತಿನ ಕಾಲದಲ್ಲಿ ಇಂಥದ್ದನ್ನು ಹೇಳಲು ನಮ್ಮ ಹತ್ತಿರ ಮಾತೇ ಇರಲಿಲ್ಲ. ಯಾರಿಗೆ ಹೇಳಬೇಕು ಅನ್ನುವುದಂತೂ ಯಾರಿಗೂ ಗೊತ್ತಿರಲಿಲ್ಲ. ಆದರೆ ಇವತ್ತು ಗೊತ್ತಿಲ್ಲ ಅನ್ನುವ ಹಾಗಿಲ್ಲ.

2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಅಂದಿದ್ದರು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರೇ, ಮಗು ನಂಬಿದವರೇ. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ನಮ್ಮ ರಾಜ್ಯ ಆ ಹದಿಮೂರರಲ್ಲಿ ಇರಲಿಲ್ಲ ಅಂತ ನಾವು ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಮಾತನ್ನೂ ಗಮನಿಸಿ. ಆ ಅಧ್ಯಯನದಲ್ಲಿ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ಕಡಿಮೆಯೇನೂ ಇರಲಿಲ್ಲ. ಹುಡುಗನಿಗೇನಾಗುತ್ತೆ ಅನ್ನುವ ನಮ್ಮ ಉದಾಸೀನ ಎಷ್ಟು ತಪ್ಪು ನೋಡಿ.

ನನ್ನ ಕೆಲಸದಿಂದ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಸಾಫ್ಟ್‌ವೇರ್ ಬಳಸುವವರು 'ಏನೋ ಸರಿಯಿಲ್ಲ' ಅಂದರೆ ಸಾಕು, ಅದಕ್ಕೊಂದು ನಂಬರ್ ಬೀಳುತ್ತದೆ. ದಿನಾಂಕ, ಹೊತ್ತು, ಹೇಳಿದವರ ಮಾತು, ಯಾರು ನೋಡುತ್ತಿದ್ದಾರೆ ಎಲ್ಲವೂ ದಾಖಲಾಗುತ್ತದೆ. 'ನಿನಗೆ ಬಳಸೋಕೆ ಬರಲ್ಲ' ಅಂತ ಮೊದಲೇ ಬೈಯುವ ಹಾಗಿಲ್ಲ. ದೂರು ಕೊಟ್ಟವರು ಸರಿಹೋಯಿತು ಅನ್ನುವವರೆಗೆ ಅದನ್ನು ಮುಚ್ಚುವ ಹಾಗೂ ಇಲ್ಲ. ಒಂದು ಬಟನ್ ಕೆಲಸ ಮಾಡದಿದ್ದರೆ ನಾವು ಇಷ್ಟು ಮಾಡುತ್ತೇವೆ. ಒಂದು ಮಗು 'ನಂಗೆ ಆ ಕೋಣೆಗೆ ಹೋಗೋಕೆ ಇಷ್ಟ ಇಲ್ಲ' ಅಂದರೆ, 'ಹೋಗ್ಲಿ ಬಿಡು, ನೀನೊಬ್ಳು' ಅಂತ ಅಲ್ಲೇ ಮುಚ್ಚಿಬಿಡುತ್ತೇವೆ. ಮಗು ಎರಡನೇ ಸಲ ಹೇಳುವುದಿಲ್ಲ.

ಮಕ್ಕಳು ಬಾಯಿಬಿಟ್ಟು ಹೇಳುವುದೂ ಅಪರೂಪ. ಚೆನ್ನಾಗಿ ಓದುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಮಂಕಾಗುತ್ತಾಳೆ. ಒಂದೇ ವಾರದ ದಿನ ಮಾತ್ರ ಒಬ್ಬನಿಗೆ ಹೊಟ್ಟೆನೋವು ಬರುತ್ತದೆ. ಬಟ್ಟೆಯಲ್ಲಿ ಮೂತ್ರ ಮಾಡಿಕೊಳ್ಳುವುದು ನಿಂತಿದ್ದ ಮಗುವಿಗೆ ಮತ್ತೆ ಶುರುವಾಗುತ್ತದೆ. ಒಬ್ಬ ಮನೆಗೆ ಹೋಗುವುದೇ ಇಲ್ಲ, ಇನ್ನೊಬ್ಬ ಶಾಲೆಗೆ ಬರುವುದೇ ಇಲ್ಲ. ಪ್ರತಿಯೊಂದಕ್ಕೂ ಕೆಟ್ಟ ಕಾರಣವೇ ಇರಬೇಕೆಂದಿಲ್ಲ. ಕಣ್ಣು ಕಾಣದಿರಬಹುದು, ಮನೆಯಲ್ಲಿ ಜಗಳವಿರಬಹುದು, ಬಣ್ಣದ್ದೋ ಜಾತಿಯದ್ದೋ ಹೆಸರು ಹಿಡಿದು ಯಾರೋ ಅಣಕಿಸುತ್ತಿರಬಹುದು. ಪ್ರೀತಿಯಿಂದ ಕೇಳಿದರೆ ತಾನೆ ಗೊತ್ತಾಗುವುದು?

ಏಟಿನ ಬಗ್ಗೆಯೂ ಒಂದು ಮಾತು. ನಾವೆಲ್ಲ ಬೆತ್ತದ ರುಚಿ ನೋಡಿದವರು, ಈಗ ಅದನ್ನು ನೆನೆದು ನಗುತ್ತೇವೆ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆ ಕೊಡುವಂತಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ. ಆ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಕಾನೂನು ಹಾಗಿರಲಿ, ಬೆತ್ತ ಹಿಡಿದ ಕೈಯ ಹತ್ತಿರ ಯಾವ ಮಗು ಬಂದು ತನ್ನ ಕಷ್ಟ ಹೇಳಿಕೊಳ್ಳುತ್ತದೆ?

ಈಗ ಮುಖ್ಯವಾದ ಮಾತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ನಾವು ಪೋಕ್ಸೋ ಅನ್ನುವುದು, 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ ಜಾರಿಗೆ ಬಂತು. ಹದಿನೆಂಟರೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಅದು ಅನ್ವಯಿಸುತ್ತದೆ. ಇಂಥ ಅಪರಾಧ ನಡೆದಿದೆ ಅಂತ ಗೊತ್ತಾದ, ನಡೆಯಬಹುದು ಅನ್ನುವ ಆತಂಕವಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ. 'ಮಗುವನ್ನು ಸ್ಟೇಷನ್ನಿಗೆ ಅಲೆಸುತ್ತಾರೆ' ಅನ್ನುವ ಭಯ ನಮ್ಮ ಜನಕ್ಕಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಇಷ್ಟಪಡುವ ಜಾಗದಲ್ಲೋ ಪಡೆಯಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಇರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು ಅಂತ ಕಾಯ್ದೆಯಲ್ಲೇ ಬರೆದಿದೆ. ಊರಿನ ಮರ್ಯಾದೆ ಅಂತ ಕಟ್ಟೆಯ ಮೇಲೆ ಕೂತು ರಾಜಿ ಮಾಡಿಸುವ ವಿಷಯವೇ ಅಲ್ಲ ಇದು.

ಮಗು ಬಂದು ಹೇಳಿತು ಅಂತಿಟ್ಟುಕೊಳ್ಳಿ. ಆಗ ಏನು ಮಾಡಬೇಕು? ಗಾಬರಿಯಾಗಬೇಡಿ. ಪೂರ್ತಿ ಹೇಳಲು ಬಿಡಿ. 'ಹೇಳಿದ್ದು ಒಳ್ಳೆಯದಾಯ್ತು, ನಿನ್ನ ತಪ್ಪಿಲ್ಲ' ಅನ್ನಿ. 'ಮೊದಲೇ ಯಾಕೆ ಹೇಳಲಿಲ್ಲ' ಅನ್ನಬೇಡಿ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡಬೇಡಿ, ಯಾಕೆಂದರೆ ಹೇಳಲೇಬೇಕಾಗುತ್ತದೆ. ಮಗುವಿನ ಮಾತನ್ನು ಮಗು ಹೇಳಿದ ಹಾಗೆಯೇ ಬರೆದಿಡಿ. ಹತ್ತು ಜನ ಹತ್ತು ಸಲ ಕೇಳಬೇಡಿ. ಆರೋಪ ಇರುವವರನ್ನು ನೀವೇ ಕರೆಸಿ ವಿಚಾರಣೆ ಮಾಡಬೇಡಿ. ಮಗುವಿನ ಹೆಸರು ಸ್ಟಾಫ್‌ ರೂಮಿನಲ್ಲೂ ವಾಟ್ಸಾಪಿನಲ್ಲೂ ಓಡಾಡದಿರಲಿ. 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಮಗುವೇ ಮಾಡಬಹುದು, ಎಲಚಿಹಣ್ಣು ಮಾರುವ ಅಜ್ಜಿಯೂ ಮಾಡಬಹುದು.

ಇದನ್ನೆಲ್ಲ ಕೇಳಿ ಶಿಕ್ಷಕರು, 'ಬಿಸಿಯೂಟ, ಗಣತಿ, ತಂತ್ರಾಂಶದಲ್ಲಿ ಮಾಹಿತಿ ತುಂಬೋದು, ಇದರ ಮಧ್ಯೆ ಇದೊಂದು ಬೇರೆ' ಅಂದುಕೊಳ್ಳಬಹುದು. ನಿಮ್ಮ ಹೊರೆ ನನಗೆ ಅರ್ಥವಾಗುತ್ತದೆ. ಆದರೂ ಇದೇ ಶಾಲೆಯಲ್ಲಿ ನಾನು ಕಂಡ ಒಂದು ವಿಷಯ ಹೇಳುತ್ತೇನೆ. ನಮಗೊಬ್ಬರು ಮೇಷ್ಟ್ರಿದ್ದರು. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಹೆಸರು ಹೇಳಿದರೆ ಈಗಲೂ ಬೈಯುತ್ತಾರೆ. ಯಾರಾದರೂ ಎರಡು ದಿನ ಬರದಿದ್ದರೆ, ಮೂರನೆಯ ದಿನ ಸಂಜೆ ಅವರ ಸೈಕಲ್ ಆ ಮನೆಯ ಮುಂದೆ ನಿಂತಿರುತ್ತಿತ್ತು. ಒಂಬತ್ತನೇ ತರಗತಿಯಲ್ಲಿ ನಮ್ಮ ಮನೆ ಮುಂದೆಯೂ ನಿಂತಿತು. ಅಪ್ಪನ ಕೆಲಸ ಹೋಗಿತ್ತು, ನಾನು ಗ್ಯಾರೇಜಿಗೆ ಸೇರಿಕೊಂಡಿದ್ದೆ. ಮೇಷ್ಟ್ರು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಕಾಫಿ ಕುಡಿದು, ಅಪ್ಪನ ಹತ್ತಿರ ಅರ್ಧ ಗಂಟೆ ಮಾತಾಡಿ, ಹೊರಡುವಾಗ 'ನಾಳೆ ಬಾ' ಅಂದರು. ಆ ಎರಡು ಮಾತಿಗೆ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ಆ ನಾಲ್ಕನೇ ತರಗತಿಯ ಹುಡುಗನ ಮನೆ ಮುಂದೆ ಅಂಥ ಒಂದು ಸೈಕಲ್ ನಿಂತಿದ್ದರೆ ಅಂತ ಎಷ್ಟೋ ಸಲ ಅನ್ನಿಸುತ್ತದೆ.

ಕೊನೆಯದಾಗಿ ಲೆಕ್ಕ ಒಪ್ಪಿಸುತ್ತೇನೆ. ಕ್ಯಾಮೆರಾದ ಹಣದಲ್ಲಿ ಟಾಯ್ಲೆಟ್ಟಿನ ನಾಲ್ಕೂ ಬಾಗಿಲು ಹೊಸದಾಗಿವೆ. ಪುಟ್ಟ ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಒಳಗಡೆ ಚಿಲಕ ಬಂದಿದೆ, ನಲ್ಲಿಗೆ ನೀರು ಬಂದಿದೆ. ಉಳಿದದ್ದರಲ್ಲಿ ಗೇಟಿಗೆ ಎರಡು ಕ್ಯಾಮೆರಾ ಹಾಕಿಸಿದೆವು, ಹೊರಗಿನವರು ಬರುವುದು ಹೋಗುವುದು ನೋಡಲು ಅಷ್ಟು ಸಾಕು. ಜೊತೆಗೊಂದು ಪೆಟ್ಟಿಗೆ ಮತ್ತು ಒಂದು ದಾಖಲೆ ಪುಸ್ತಕ. ಪ್ರತಿ ಶನಿವಾರ ಒಬ್ಬ ಶಿಕ್ಷಕಿ, ಎಸ್‌ಡಿಎಂಸಿಯ ಒಬ್ಬ ತಾಯಿ ಸೇರಿ ಪೆಟ್ಟಿಗೆ ತೆಗೆಯುತ್ತಾರೆ, ಬರೆದುಕೊಳ್ಳುತ್ತಾರೆ, ಏನು ಮಾಡಿದೆವು ಅಂತ ಮಗುವಿಗೆ ಹೇಳುತ್ತಾರೆ. ಬರೆಯಲು ಬಾರದ ಮಕ್ಕಳು ಚಿತ್ರ ಹಾಕುತ್ತಾರೆ.

ಮೇಡಂ ಮೊನ್ನೆ ಫೋನ್ ಮಾಡಿದ್ದರು. ಹಾಲು ಈಗ ಅಷ್ಟಾಗಿ ಉಳಿಯುತ್ತಿಲ್ಲವಂತೆ.

ಪೋಷಕರಲ್ಲಿ ಒಂದೇ ಬೇಡಿಕೆ. ಇವತ್ತು ಮನೆಗೆ ಹೋದ ಮೇಲೆ ಮಗುವನ್ನು 'ಎಷ್ಟು ಮಾರ್ಕ್ಸ್ ಬಂತು' ಅಂತ ಕೇಳುವ ಮೊದಲು 'ಇವತ್ತು ಶಾಲೆಯಲ್ಲಿ ಏನಾಯ್ತು' ಅಂತ ಕೇಳಿ. ಕೇಳಿದ ಮೇಲೆ ಮೊಬೈಲ್ ಕೆಳಗಿಟ್ಟು ಕೂತುಕೊಳ್ಳಿ. ನಮ್ಮ ಶಾಲೆಗೆ ಐವತ್ತು ತುಂಬಿತು. ನೂರು ತುಂಬುವ ಹೊತ್ತಿಗೆ ಈ ವೇದಿಕೆಯಲ್ಲಿ ನಿಲ್ಲಬೇಕಾದವರಲ್ಲಿ ಕೆಲವರು ಈಗ ಪಕ್ಕದ ಶಾಲೆಯ ಒಂದನೇ ತರಗತಿಯಲ್ಲಿ ಅ ಆ ಬರೆಯುತ್ತಿದ್ದಾರೆ. ಅವರಲ್ಲಿ ಒಬ್ಬರ ಹೆಸರೂ ಹಾಜರಿಯಿಂದ ಸದ್ದಿಲ್ಲದೆ ಬಿಟ್ಟುಹೋಗದಿರಲಿ.