ಕಂಬ ಕಿತ್ತು ಬರದ ಹಾಗೆ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಸಂಘದ ಸಾಲ ತೆಗೆದು ಹೊಲಿಗೆ ಶೆಡ್, ದನದ ಕೊಟ್ಟಿಗೆ ಕಟ್ಟುವವರು ನಮ್ಮಲ್ಲಿ ಬಹಳ. ಹುಬ್ಬಳ್ಳಿಯ ಪೂರ್ವಕ್ಕೆ ಒಂದು ಊರಿನಲ್ಲಿ ಸದಸ್ಯೆಯೊಬ್ಬರ ಪತ್ರಾಸ್ ಶೆಡ್ ಮೇ ತಿಂಗಳ ಗಾಳಿಗೆ ಕಂಬ ಸಮೇತ ಕಿತ್ತು ಬಿತ್ತು. ನಾವು ಹೋಗಿ ನೋಡಿದರೆ ಕಂಬದ ಬುಡಕ್ಕೆ ತಂಬಿಗೆಯಷ್ಟು ಕಾಂಕ್ರೀಟ್! ಶೆಡ್ ಹೋಯಿತು, ಕಂತು ಉಳಿಯಿತು.

ಪಾಯ ಅಂದರೆ ಭಾರ ಹೊರುವುದು ಅಂತಷ್ಟೇ ತಿಳಿದಿರ್ತೇವಿ. ಶೆಡ್ಡಿಗೆ ಭಾರದ ಚಿಂತೆ ಕಡಿಮೆ. ಗಾಳಿ ತಗಡಿನ ಕೆಳಗೆ ಹೊಕ್ಕು ಮೇಲಕ್ಕೆತ್ತುತ್ತದಲ್ಲ, ಅದೇ ಚಿಂತೆ. ಆಗ ಕಂಬವನ್ನು ಹಿಡಿಯುವುದು ಕಾಂಕ್ರೀಟಿನ ತೂಕ (ಒಂದು ಘನ ಅಡಿಗೆ ಸುಮಾರು 68 ಕಿಲೋ) ಮತ್ತು ಸುತ್ತಲಿನ ಮಣ್ಣಿನ ಹಿಡಿತ. ಶೇಂಗಾ ಕಿತ್ತವರಿಗೆ ಇದು ಗೊತ್ತು. ಒಣ ನೆಲದಾಗ ಗಿಡ ಹರಿದು ಕೈಗೆ ಬರ್ತದ, ಕಾಯಿ ಒಳಗೇ ಉಳೀತಾವ.

ಆದರೆ ಅದು ಮಸಾರಿ ಭೂಮಿಯ ಮಾತು. ಎರಿಮಣ್ಣು ಮಳೆಗಾಲದಲ್ಲಿ ಉಬ್ಬಿ ಪಾಯವನ್ನೇ ಮೇಲಕ್ಕೆ ದೂಡುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಟ್ಟು ಕಂಬದಿಂದ ದೂರ ಸರಿಯುತ್ತದೆ. ಬಿರುಗಾಳಿ ಬರುವುದೂ ಆಗಲೇ. ಯೇಸುಸ್ವಾಮಿ ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿ ಹೇಳಿದರು. ನವಲಗುಂದ, ಕುಂದಗೋಳದ ಎರಿಯಲ್ಲಿ ಬಂಡೆ ಎಲ್ಲಿಂದ ತರೋಣ?

ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಬುಡದಲ್ಲಿ ಗಡ್ಡೆಯಿರುವ ಪಾಯ ರೂಢಿಗೆ ತಂದಿತು. ಅದಕ್ಕೆ ಅಂಡರ್ ರೀಮ್ಡ್ ಪೈಲ್ ಅಂತಾರೆ. 30 ಸೆಂ.ಮೀ. ದಪ್ಪದ ಪೈಲಿಗೆ ಕೆಳಗೆ 75 ಸೆಂ.ಮೀ. ಗಡ್ಡೆ, ಆಳ ಸಾಮಾನ್ಯವಾಗಿ 3.5 ಮೀಟರ್. ಅಷ್ಟು ಆಳದಲ್ಲಿ ತೇವ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಮಣ್ಣೂ ಅಲುಗುವುದಿಲ್ಲ. ಗಜ್ಜರಿ ಕೆಳಗೆ ಸಣ್ಣ, ಎಳೆದರೆ ಜಾರಿ ಬರ್ತದ. ಬುಡ ಅಗಲವಾದರೆ ಮೇಲಿನ ಮಣ್ಣನ್ನೆಲ್ಲ ಎತ್ತಿಕೊಂಡೇ ಬರಬೇಕು. ಎಳೆತ ತಡೆಯುವುದು ಕಬ್ಬಿಣ, ಕಾಂಕ್ರೀಟ್ ಅಲ್ಲ. ಆದ್ದರಿಂದ ಸರಳು ಬುಡದ ತನಕ ಇರಬೇಕು.

ಎರಿಯಲ್ಲಿ ಮನೆ ಕಟ್ಟುವವರು ಇದನ್ನು ಇಂಜಿನಿಯರರಿಗೆ ಕೇಳಿರಿ. ಶೆಡ್ಡಿಗೆ ಇಷ್ಟೆಲ್ಲ ಬೇಡ. ಗುಂಡಿ ಆಳವಿರಲಿ, ಬಾಯಿಗಿಂತ ತಳ ಅಗಲವಿರಲಿ. ಪೈಪಿನ ಬುಡಕ್ಕೆ ಅಡ್ಡ ಸರಳು ವೆಲ್ಡ್ ಮಾಡಿಸಿರಿ, ಇಲ್ಲದಿದ್ದರೆ ಕಾಂಕ್ರೀಟ್ ನೆಲದಲ್ಲೇ ಕೂತು ಪೈಪಷ್ಟೇ ಮೇಲೆ ಬರ್ತದ. "ಅಕ್ಕಾರ, ಅದೇನೂ ಬ್ಯಾಡ್ರಿ" ಅಂತ ಗೌಂಡಿ ಅಂದರೆ ಸುಮ್ಮನಾಗಬೇಡಿ.

ಮುಂದಿನ ಸಾಲದ ಅರ್ಜಿ ಬಂದಾಗ ಸಂಘದ ಇಬ್ಬರು ಟೇಪ್ ಹಿಡಿದು ಗುಂಡಿ ನೋಡಿ ಬರಲಿ. ಕಾಂಕ್ರೀಟ್ ಹಾಕುವ ಮೊದಲೇ ಹೋಗಬೇಕು, ಆಮೇಲೆ ಏನೂ ಕಾಣುವುದಿಲ್ಲ.