ನಡಿಗೆಯ ಲೆಕ್ಕ



ನಿವೃತ್ತನಾದ ಅಧ್ಯಾಪಕನನ್ನು ಹುಡುಕಿಕೊಂಡು ಅವನ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದರೆಂದರೆ ಸಾಮಾನ್ಯವಾಗಿ ಎರಡೇ ಕಾರಣಗಳಿರುತ್ತವೆ: ಒಂದು, ಮಕ್ಕಳ ಮದುವೆಯ ಆಹ್ವಾನ, ಇನ್ನೊಂದು, ಯಾವುದೋ ಸಭೆಯ ಅಧ್ಯಕ್ಷತೆ. ಕಳೆದ ವರ್ಷ ಮಾವು ಹೂಬಿಡುವ ಕಾಲಕ್ಕೆ ಕೋಲಾರದ ನಮ್ಮ ಮನೆಗೆ ಬಂದ ನಾಲ್ವರು ಇವೆರಡನ್ನೂ ತಂದಿರಲಿಲ್ಲ. ಅವರು ತಂದದ್ದು ಒಂದು ರಸೀದಿ ಪುಸ್ತಕ.

ವಿಷಯ ಇಷ್ಟು. ಶ್ರೀನಿವಾಸಪುರದಿಂದ ಹೊರಟು, ಮುಳಬಾಗಿಲು ಮತ್ತು ಕೋಲಾರಗಳ ಮಾರ್ಗವಾಗಿ ಮಾಲೂರಿನವರೆಗೆ ಮೂರು ದಿನ ಕಾಲ್ನಡಿಗೆಯಲ್ಲಿ ಹೋಗುವುದು. ದಿನಕ್ಕೆ ಸುಮಾರು 30 ಕಿಲೋಮೀಟರು. ಆ ನಡಿಗೆಯ ಹೆಸರಿನಲ್ಲಿ ಹಣ ಕೂಡಿಸಿ, ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಒಳಗಾಗುತ್ತಿರುವ ಕೆಲವು ಬಡ ರೋಗಿಗಳಿಗೆ ಒದಗಿಸುವುದು. ನಾನು ಕೇಳಿದೆ: “ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಇದು ಉಚಿತವಲ್ಲವೇನಪ್ಪ?” ಉಚಿತ ಹೌದು, 2016ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಆದರೆ ರೋಗಿಯು ವಾರಕ್ಕೆ ಎರಡು ಅಥವಾ ಮೂರು ಸಲ ಯಂತ್ರದ ಬಳಿಗೆ ಹೋಗಬೇಕು. ಪ್ರತಿಸಲವೂ ನಾಲ್ಕು ಗಂಟೆಗಳ ಕಾಲ ಮಲಗಿರಬೇಕು. 2023ರ ಜೂನ್ ತಿಂಗಳಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಾಯಿತು, ನಿಜ. ಗಂಡಸರಿಗೆ ಇದೆ. ಬಸ್ಸು ಬಾರದ ಹಳ್ಳಿಯಿಂದ ದೊಡ್ಡ ರಸ್ತೆಯವರೆಗೆ ಆಟೋ ಆಗಬೇಕು. ಜೊತೆಗೆ ಬರುವ ಮಗನೋ ಹೆಂಡತಿಯೋ ಆ ದಿನದ ಕೂಲಿಯನ್ನು ಕಳೆದುಕೊಳ್ಳಬೇಕು. ಯಂತ್ರಕ್ಕೆ ಹಣ ಕೊಡಬೇಕಾಗಿಲ್ಲ. ಯಂತ್ರದ ಬಳಿಗೆ ಹೋಗುವುದಕ್ಕೆ ಹಣ ಬೇಕು. ಎಷ್ಟೋ ಮಂದಿ ಮೂರು ಸಲ ಹೋಗಬೇಕಾದವರು ಎರಡು ಸಲ ಹೋಗುತ್ತಾರೆ, ಎರಡು ಸಲದವರು ಒಂದು ಸಲ. ಅದರ ಪರಿಣಾಮವನ್ನು ನಾನು ವಿವರಿಸಬೇಕಾಗಿಲ್ಲ.

“ನಡೆಯುವವರು ನಾವು, ಸಾರ್. ಹಣ ಕೇಳುವವರು ನೀವಾಗಬೇಕು. ನಿಮ್ಮ ಮಾತಿಗೆ ನಾಲ್ಕೂ ತಾಲ್ಲೂಕುಗಳಲ್ಲಿ ಬೆಲೆಯುಂಟು” ಎಂದರು.

ನಾನು ಆಗದೆಂದೆ. ಮೊಣಕಾಲಿನ ನೋವು, ವಯಸ್ಸು ಎಂದು ನೆಪಗಳನ್ನು ಹೇಳಿ ಕಳುಹಿಸಿದೆ. ನಿಜವಾದ ಕಾರಣ ಬೇರೆಯಿತ್ತು. ಅದನ್ನು ಈ ಹೊತ್ತು ನಿಮ್ಮೆದುರಿಗೆ ಹೇಳುತ್ತೇನೆ.

1985ರಲ್ಲಿ ನಮ್ಮ ಸೀಮೆಯಲ್ಲಿ ಬರ ಬಿದ್ದಿತ್ತು. ನಾನಾಗ ಎಂ.ಎ. ಮುಗಿಸಿ ಒಂದು ಕಾಲೇಜಿಗೆ ಸೇರಿದ್ದ ಹೊಸ ಅಧ್ಯಾಪಕ. ದನಕರುಗಳ ಮೇವಿಗಾಗಿ ಹಣ ಎತ್ತಬೇಕೆಂದು ಹುಡುಗರನ್ನು ಕಟ್ಟಿಕೊಂಡು ಮಾಲೂರಿನ ಬೀದಿಗಳಲ್ಲಿ ಮೆರವಣಿಗೆ ಹೊರಟೆ. ನಾಲ್ವರು ಒಂದು ಪಂಚೆಯ ನಾಲ್ಕು ಮೂಲೆಗಳನ್ನು ಹಿಡಿದಿದ್ದರು; ಜನ ಅದರೊಳಕ್ಕೆ ಕಾಸು ಎಸೆಯುತ್ತಿದ್ದರು. ಹೆಂಚಿನ ಕಾರ್ಖಾನೆಯಿಂದ ಕೆಲಸ ಬಿಟ್ಟು ಬರುತ್ತಿದ್ದ ಒಬ್ಬಾಕೆ, ಕೈಯೆಲ್ಲ ಕೆಮ್ಮಣ್ಣು, ಸೆರಗಿನ ಗಂಟನ್ನು ಬಿಚ್ಚಿ ಎರಡು ರೂಪಾಯಿಯ ನೋಟನ್ನು ಪಂಚೆಯಲ್ಲಿ ಹಾಕಿದಳು. ಸಂಜೆ ಎಣಿಸಿದಾಗ 1,140 ರೂಪಾಯಿಗಳಾದವು. ಮೇವು ಕೊಂಡದ್ದು ಸುಮಾರು 700 ರೂಪಾಯಿಗಳಿಗೆ. ಉಳಿದದ್ದು ಧ್ವನಿವರ್ಧಕದ ಬಾಡಿಗೆ, ಬಟ್ಟೆಯ ಫಲಕ, ಹುಡುಗರ ಊಟ, ಕಾಫಿ ಎಂದು ಕರಗಿಹೋಯಿತು. ಕದ್ದವರು ಯಾರೂ ಇಲ್ಲ. ಆದರೆ ಲೆಕ್ಕವೂ ಇಲ್ಲ. ಖಜಾಂಚಿ ನಾನೇ.

ಮುಂದಿನ ವರ್ಷ ಅದೇ ರಸ್ತೆಯಲ್ಲಿ ಆಕೆ ನನ್ನನ್ನು ಗುರುತಿಸಿ ನಿಂತಳು. “ಅವತ್ತು ದುಡ್ಡು ಎತ್ಕೊಂಡೋದ್ರಲ್ಲ ಸಾಮಿ, ದನಗಳಿಗೆ ಮೇವು ಬಂತಾ?” ಎಂದು ಕೇಳಿದಳು. ಆ ಮಾತಿನಲ್ಲಿ ಸಂಶಯವಿರಲಿಲ್ಲ, ಆಕ್ಷೇಪಣೆಯೂ ಇರಲಿಲ್ಲ. ತಿಳಿಯಬೇಕೆಂಬ ಆಸೆ ಮಾತ್ರ. “ಬಂತಮ್ಮ” ಎಂದೆ. ಎಷ್ಟು ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಂದಿನಿಂದ ನಾನು ಯಾರ ಬಳಿಯೂ ಸಾರ್ವಜನಿಕ ಕಾರ್ಯಕ್ಕೆ ಹಣ ಕೇಳಿದವನಲ್ಲ.

ಕೇಳುವುದು ನಮ್ಮ ನಾಡಿನಲ್ಲಿ ಹೀನವಾದ ಕೆಲಸವೇನೂ ಆಗಿರಲಿಲ್ಲ. ಮುಳಬಾಗಿಲಿನ ಹೆಸರು ಹೇಳಿದೊಡನೆ ಶ್ರೀಪಾದರಾಜರ ನೆನಪಾಗುತ್ತದೆ. ಅವರಿಂದ ಮೊದಲ್ಗೊಂಡು ಬೆಳೆದ ದಾಸಪಂಥವು ಮನೆಮನೆಗೆ ಹೋಗಿ ಬೇಡುವುದನ್ನು ಮಧುಕರ ವೃತ್ತಿಯೆಂದು ಕರೆಯಿತು. ದುಂಬಿ ಹೂವಿಗೆ ನೋವಾಗದಂತೆ ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುತ್ತದೆ ಎಂಬುದು ಅದರ ಅರ್ಥ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು ಜನರಿಂದ ಬೇಡಿದ್ದು ಹಣವನ್ನಲ್ಲ, ಅವರ ದುಶ್ಚಟಗಳನ್ನು. ಅದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಅವರಿಗೆ 1970ರಲ್ಲಿ ನಾಡು ಸನ್ಮಾನ ಮಾಡಿ ನಿಧಿಯನ್ನು ಅರ್ಪಿಸಿತು. ಅವರು ಅದನ್ನು ತಾವೇ ಸ್ಥಾಪಿಸಿದ್ದ ಗೋಖಲೆ ಸಾರ್ವಜನಿಕ ಸಂಸ್ಥೆಗೆ ಕೊಟ್ಟುಬಿಟ್ಟರು. ಇವರಿಗೆಲ್ಲ ಹಣವೆಂಬುದು ಕೈಯಲ್ಲಿ ಹಾದುಹೋಗುವ ವಸ್ತು. ಕೈಗೆ ಅಂಟುವ ವಸ್ತುವಲ್ಲ.

ಗಾಂಧೀಜಿಯವರ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. 1894ರಲ್ಲಿ ಸ್ಥಾಪಿಸಿದ ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿಗೆ ಚಂದಾ ಎತ್ತಲು ಅವರು ಸಂಗಡಿಗರೊಡನೆ ಟೋಂಗಾಟ್ ಎಂಬ ಊರಿನ ಒಬ್ಬ ವರ್ತಕನ ಮನೆಗೆ ಹೋದರು. ಇವರು ನಿರೀಕ್ಷಿಸಿದ್ದು ಆರು ಪೌಂಡು. ಆತ ಮೂರಕ್ಕಿಂತ ಹೆಚ್ಚು ಕೊಡಲೊಲ್ಲ. ಬಡಿಸಿದ ಊಟ ಹಾಗೆಯೇ ಇರಲು, ಅತಿಥಿಗಳು ರಾತ್ರಿಯೆಲ್ಲ ಉಪವಾಸ ಕುಳಿತರು. ಬೆಳಗಾಗುವ ಹೊತ್ತಿಗೆ ಯಜಮಾನ ಕರಗಿ ಆರು ಪೌಂಡು ಕೊಟ್ಟು, ಎಲ್ಲರಿಗೂ ಊಟ ಹಾಕಿದ. ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿ ಹುಡುಗರನ್ನು ನಗಿಸಿದ್ದೇನೆ. ಆದರೆ ಅದರ ಆಸುಪಾಸಿನಲ್ಲೇ ಅವರು ಬರೆದಿರುವ ಮತ್ತೊಂದು ಸಂಗತಿಯನ್ನು ನಾನು ಬೇಗ ದಾಟಿಬಿಡುತ್ತಿದ್ದೆ. ಬಂದ ಪ್ರತಿಯೊಂದು ಹಣಕ್ಕೂ ರಸೀದಿ, ವೆಚ್ಚವಾದ ಪ್ರತಿಯೊಂದು ಕಾಸಿಗೂ ಲೆಕ್ಕ. ಲೆಕ್ಕವಿಲ್ಲದೆಡೆ ಸತ್ಯವೂ ನಿರ್ಮಲವಾಗಿ ಉಳಿಯದು ಎಂಬುದು ಅವರ ಅಭಿಪ್ರಾಯ. ಕಥೆಯ ಈ ಭಾಗಕ್ಕೆ ಯಾರೂ ನಗುವುದಿಲ್ಲ.

ನಾಲ್ಕು ದಿನ ನಿದ್ರೆ ಬಾರಲಿಲ್ಲ. ಐದನೆಯ ದಿನ ಹುಡುಗರಿಗೆ ಹೇಳಿಕಳುಹಿಸಿದೆ. ಅವರಿಗೂ ಈಗ ಐವತ್ತರ ಸಮೀಪ. ನನ್ನ ಬಾಯಿಯಲ್ಲಿ ಮಾತ್ರ ಹುಡುಗರು. ಮೂರು ನಿಬಂಧನೆಗಳನ್ನು ಹಾಕಿದೆ. ಒಂದು: ಹತ್ತು ರೂಪಾಯಿ ಕೊಟ್ಟವರಿಗೂ ರಸೀದಿ. ಎರಡು: ನಡೆಯುವವರ ಊಟ, ಅಂಗಿ, ಫಲಕ, ಮುಲಾಮು ಎಲ್ಲವೂ ಅವರವರ ಜೇಬಿನಿಂದ, ಸಂಗ್ರಹದಿಂದ ಒಂದು ಲೋಟ ಮಜ್ಜಿಗೆಯೂ ಕೂಡದು. ಮೂರು: ತಂಗುವ ಪ್ರತಿ ಊರಿನಲ್ಲೂ ಸಂಜೆ ಆ ತನಕದ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು. ಅವರು ಒಪ್ಪಿದರು. ಹಣವೆಲ್ಲ ಒಂದು ಚಿಕ್ಕ ನೋಂದಾಯಿತ ಸಂಸ್ಥೆಯ ಬ್ಯಾಂಕ್ ಖಾತೆಗೆ ಹೋಗತಕ್ಕದ್ದೆಂದು ನಿಶ್ಚಯವಾಯಿತು.

ಕೇಳಲು ಹೊರಟಾಗ ಮೊದಲ ಪೆಟ್ಟು ಶ್ರೀನಿವಾಸಪುರದಲ್ಲಿ ಬಿತ್ತು. ಮಾವಿನ ಮಂಡಿಯ ಒಬ್ಬ ವರ್ತಕರು ನನ್ನ ಮಾತನ್ನೆಲ್ಲ ಸಮಾಧಾನವಾಗಿ ಕೇಳಿ, “ನಡಿಸ್ತೇ ಏಮೊಸ್ತುಂದಿ ಸಾರ್?” ಎಂದರು. ನಮ್ಮ ಗಡಿಯ ತಾಲ್ಲೂಕುಗಳಲ್ಲಿ ವ್ಯವಹಾರದ ಸತ್ಯವೆಲ್ಲ ತೆಲುಗಿನಲ್ಲಿಯೇ ಹೊರಬರುತ್ತದೆ. ನಡೆದರೆ ಏನು ಬರುತ್ತದೆ? ರೋಗಿಗೆ ಹಣ ಬೇಕಾದರೆ ನೇರವಾಗಿ ಕೇಳಿ, ಕೊಡುತ್ತೇನೆ. ನೀವೇಕೆ ಬಿಸಿಲಿನಲ್ಲಿ ನಡೆಯಬೇಕು, ನೀವು ನಡೆದದ್ದಕ್ಕೆ ನಾನೇಕೆ ಕೊಡಬೇಕು? ನ್ಯಾಯವಾದ ಪ್ರಶ್ನೆ. ಆ ಹೊತ್ತು ನನ್ನಲ್ಲಿ ಉತ್ತರವಿರಲಿಲ್ಲ. ಅವರು ಐನೂರು ರೂಪಾಯಿ ಕೊಟ್ಟರು. ರಸೀದಿ ಬರೆದು ಬಂದೆ.

ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲಿಯೇ ಬಂತು. ನಡೆದು ಹಣ ಕೂಡಿಸುವ ಈ ಪದ್ಧತಿ ಲೋಕಕ್ಕೆ ಹೊಸದಲ್ಲ. 1953ರಲ್ಲಿ ಪೋರ್ಟೊರಿಕೊ ದ್ವೀಪದ ಒಬ್ಬ ಹಾಸ್ಯನಟ ಕ್ಯಾನ್ಸರ್ ರೋಗಿಗಳ ನೆರವಿಗಾಗಿ ಸ್ಯಾನ್ ವಾನ್ ಪಟ್ಟಣದಿಂದ ಪಾನ್ಸೆಯವರೆಗೆ ನಡೆದ. 1981ರಲ್ಲಿ ಹಾಂಕಾಂಗಿನಲ್ಲಿ ಗೂರ್ಖಾ ಸೈನಿಕರ ತಾಲೀಮಾಗಿ ಆರಂಭವಾದ 100 ಕಿಲೋಮೀಟರಿನ ನಡಿಗೆ ಮುಂದೆ ಧರ್ಮಕಾರ್ಯವಾಗಿ ಮಾರ್ಪಟ್ಟು, 2012ರಲ್ಲಿ ಬೆಂಗಳೂರಿನ ಆಚೆಗಿನ ಗುಡ್ಡಗಾಡಿಗೂ ಬಂತು. ಇದಕ್ಕೆ ತೀರ ವಿರುದ್ಧವಾದ ನಡಿಗೆಯೂ ಉಂಟು. 1962ರಲ್ಲಿ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ತರುಣರು ಅಣ್ವಸ್ತ್ರಗಳನ್ನು ವಿರೋಧಿಸಿ ದೆಹಲಿಯ ಗಾಂಧಿ ಸಮಾಧಿಯಿಂದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ನುಗಳ ಯಾತ್ರೆಗೆ ಹೊರಟಾಗ, ಕೈಯಲ್ಲಿ ಹಣವಿಟ್ಟುಕೊಳ್ಳಬೇಡಿರೆಂದು ವಿನೋಬಾ ಅವರಿಗೆ ಹೇಳಿದ್ದರು. ಹಣವಿಲ್ಲದವನು ರಾತ್ರಿ ಯಾರದಾದರೂ ಬಾಗಿಲನ್ನು ತಟ್ಟಲೇಬೇಕು. ಬಾಗಿಲು ತಟ್ಟಿದರೆ ಮಾತು ಹುಟ್ಟುತ್ತದೆ.

ವರ್ತಕರ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ಹುಡುಗನ ಚರಿತ್ರೆಯಲ್ಲಿ. ಕ್ಯಾನ್ಸರಿನಿಂದ ಒಂದು ಕಾಲನ್ನು ಕಳೆದುಕೊಂಡಿದ್ದ ಆತ ಕೃತಕ ಕಾಲು ಕಟ್ಟಿಕೊಂಡು 1980ರ ಏಪ್ರಿಲ್ 12ರಂದು ದೇಶದ ಪೂರ್ವದ ತುದಿಯಿಂದ ಓಡಲಾರಂಭಿಸಿದ. ಪ್ರತಿಯೊಬ್ಬ ಕೆನಡಿಯನ್ ಪ್ರಜೆಯೂ ಕ್ಯಾನ್ಸರ್ ಸಂಶೋಧನೆಗೆ ಒಂದು ಡಾಲರು ಕೊಡಲಿ ಎಂಬುದು ಅವನ ಅಪೇಕ್ಷೆ. 143 ದಿನ, 5,373 ಕಿಲೋಮೀಟರು ಓಡಿದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿ ನಿಂತುಬಿಟ್ಟ. ಮರುವರ್ಷದ ಜೂನಿನಲ್ಲಿ ತೀರಿಕೊಂಡಾಗ ಅವನ ವಯಸ್ಸು 22. ಅಷ್ಟರೊಳಗೆ ಸಂಗ್ರಹವು 2 ಕೋಟಿ 40 ಲಕ್ಷ ಡಾಲರುಗಳನ್ನು ದಾಟಿತ್ತು. ಆ ದೇಶದ ಜನಸಂಖ್ಯೆಯೂ ಸರಿಸುಮಾರು ಅಷ್ಟೇ. ಆತ ಸುಮ್ಮನೆ ಕುರ್ಚಿಯಲ್ಲಿ ಕುಳಿತು ಕೇಳಿದ್ದರೆ ಜನ ಅಷ್ಟು ಕೊಡುತ್ತಿದ್ದರೆ? ನಡಿಗೆಯಿಂದ ಹಣ ಹುಟ್ಟುವುದಿಲ್ಲ. ನಡಿಗೆಯು ಕೇಳುವವನು ಕೊಡುವ ಜಾಮೀನು. ನಾನು ಬಾಯಿಯಿಂದ ಮಾತ್ರ ಕೇಳುತ್ತಿಲ್ಲ, ನನ್ನ ಮೈಯನ್ನೂ ಅಡವಿಟ್ಟಿದ್ದೇನೆ ಎಂದು ಅದು ಸಾರುತ್ತದೆ. ನಾವಂತೂ ಹೊರಟದ್ದು ಒಂದು ಫರ್ಲಾಂಗು ನಡೆದರೆ ಏದುಸಿರು ಬಿಡುವ ಜನರಿಗಾಗಿ. ಅವರು ವಾರವಾರವೂ ಸವೆಸುವ ದಾರಿಯನ್ನು ಗಟ್ಟಿ ಕಾಲಿನವರು ಒಮ್ಮೆ ಸವೆಸಿ ನೋಡುವುದರಲ್ಲಿ ಅರ್ಥವಿದೆ.

ಜಾಮೀನು ನಿಂತವನು ಸುಮ್ಮನೆ ಮನೆಯಲ್ಲಿರುವುದು ಸರಿಯಲ್ಲವೆನ್ನಿಸಿ, ಪ್ರತಿದಿನದ ಕೊನೆಯ ಐದು ಕಿಲೋಮೀಟರುಗಳನ್ನು ನಾನೂ ನಡೆದೆ. 23 ಮಂದಿ ನಡೆದವರು. ಮುಳಬಾಗಿಲಿನ ಬೀದಿಬದಿಯ ಹೂ ಮಾರುವಾಕೆ ಹಣದ ಬದಲು ಒಂದು ಮೊಳ ಹೂ ಕೊಟ್ಟಳು. ಅದನ್ನು ಯಾವ ತಲೆಪಟ್ಟಿಯಲ್ಲಿ ಬರೆಯಬೇಕೆಂದು ನಮ್ಮ ಲೆಕ್ಕಿಗರು ತಲೆ ಕೆರೆದುಕೊಂಡರು. ಕೋಲಾರದಲ್ಲಿ ಕಾಲೇಜಿನ ಮಕ್ಕಳು ಮೊಬೈಲು ಹಿಡಿದು ಚೌಕಾಕಾರದ ಚಿತ್ರಕ್ಕೆ ತೋರಿಸಿ ಇಪ್ಪತ್ತು, ಮೂವತ್ತು ಕಳುಹಿಸಿದರು. ಅಮೆರಿಕದಲ್ಲಿರುವ ಒಬ್ಬ ಶಿಷ್ಯ ದೊಡ್ಡ ಮೊತ್ತ ಕೊಡಲು ಮುಂದೆ ಬಂದ. ಆದರೆ ಅವನು ಆ ದೇಶದ ಪೌರತ್ವ ಪಡೆದಿದ್ದ. 2010ರ ವಿದೇಶಿ ವಂತಿಗೆ ಕಾಯಿದೆಯಂತೆ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಸ್ಥೆ ಅದನ್ನು ಸ್ವೀಕರಿಸುವಂತಿಲ್ಲ. ಬೇಡವೆಂದೆವು. ಬಹಳ ಸಂಕಟವಾಯಿತು, ಆದರೆ ಲೆಕ್ಕ ಓದುವಾಗ ನುಂಗಬೇಕಾದ ಸಾಲು ಒಂದೂ ಇರಲಿಲ್ಲ.

ಮೂರನೆಯ ಸಂಜೆ ಮಾಲೂರು. ಬಸ್ ನಿಲ್ದಾಣದ ಬಳಿ ಸುಮಾರು ನಲವತ್ತು ಜನ ನಿಂತಿದ್ದರು. ಅದರಲ್ಲಿ ಅರ್ಧ ಮಂದಿ ಬಸ್ಸಿಗೆ ಕಾಯುತ್ತಿದ್ದವರು. ಒಟ್ಟು ಸಂಗ್ರಹ 2,31,400 ರೂಪಾಯಿಗಳೆಂದು ಓದಿದೆ. ಆ ಪಟ್ಟಿಯ ಮೊದಲ ಬಾಬು ನನ್ನದೇ: “1985ರ ಮೇವಿನ ನಿಧಿಯಲ್ಲಿ ಲೆಕ್ಕಕ್ಕೆ ಸಿಕ್ಕದ ಹಣದ ಬಾಬ್ತು, ಖಜಾಂಚಿಯಿಂದ, 10,000 ರೂಪಾಯಿ.” ಅದೇನೆಂದು ವಿವರಿಸಿ ಹೇಳಿದೆ. ನಾಲ್ಕು ದಶಕಗಳ ಹಿಂದೆ ಕೆಮ್ಮಣ್ಣಿನ ಕೈಯಿಂದ ಎರಡು ರೂಪಾಯಿ ಹಾಕಿದಾಕೆ ಆ ಗುಂಪಿನಲ್ಲಿ ಇರಲಾರಳೆಂದು ನನಗೆ ಗೊತ್ತಿತ್ತು. ಆದರೂ ಆ ವಯಸ್ಸಿನ ಮುಖಗಳನ್ನು ಹುಡುಕಿದೆ. ಯಾರೂ ಏನೂ ಅನ್ನಲಿಲ್ಲ. ಬಸ್ಸು ಬಂತು, ಅರ್ಧ ಸಭೆ ಹತ್ತಿಹೋಯಿತು.

ಮುಂದಿನ ಲೆಕ್ಕವನ್ನೂ ಹೇಳಿ ಮುಗಿಸುತ್ತೇನೆ. 14 ರೋಗಿಗಳು, ಒಬ್ಬೊಬ್ಬರಿಗೆ ತಿಂಗಳಿಗೆ 2,500 ರೂಪಾಯಿ. ಆರು ತಿಂಗಳ ಮೇಲೆ ನಮ್ಮಲ್ಲಿ 21,400 ರೂಪಾಯಿ ಉಳಿಯಬೇಕಾಗಿತ್ತು. ಉಳಿದದ್ದು 28,900. ನಾಲ್ಕನೆಯ ತಿಂಗಳ ಮೊದಲಲ್ಲಿ ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಲೆಕ್ಕಪುಸ್ತಕದಲ್ಲಿ ಉಳಿತಾಯವೆಂಬುದು ಯಾವಾಗಲೂ ಸಂತೋಷದ ಮಾತಲ್ಲವೆಂಬುದನ್ನು ನಾನು ಈ ವಯಸ್ಸಿನಲ್ಲಿ ಕಲಿತೆ. ನಡಿಗೆ ಮೂರು ದಿನಕ್ಕೆ ಮುಗಿಯಿತು. ಉಳಿದ 13 ಮಂದಿಯ ಪ್ರಯಾಣ ಮುಗಿಯಲಿಲ್ಲ. ಅದು ಮುಗಿಯಬಾರದು ಎಂಬುದೇ ನಮ್ಮ ಪ್ರಾರ್ಥನೆ. ಆದಕಾರಣ ಈ ವರ್ಷವೂ ರಸೀದಿ ಪುಸ್ತಕ ಹಿಡಿದು ಹೊರಟಿದ್ದೇನೆ.

ಮೊನ್ನೆ ಶ್ರೀನಿವಾಸಪುರದ ಅದೇ ಮಂಡಿಗೆ ಹೋಗಿ, ಹೋದ ವರ್ಷದ ಲೆಕ್ಕದ ಹಾಳೆಯನ್ನು ಮೊದಲು ಮುಂದಿಟ್ಟೆ. ವರ್ತಕರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಈ ಸಲ ಅವರು ನಡೆದರೆ ಏನು ಬರುತ್ತದೆಂದು ಕೇಳಲಿಲ್ಲ. “ತೀರಿಹೋದವರು ಯಾವ ಊರಿನವರು, ಸಾರ್?” ಎಂದು ಕೇಳಿದರು.



(ಬಾನುಲಿ ಭಾಷಣ)